‘ಚಿತ್ತ’ ಮತ್ತು ‘ಅಪ್ಪಾ’: ಗೆತ್ಸೆಮನೆಯ ಪ್ರಾರ್ಥನೆಯನ್ನು ಕನ್ನಡದಲ್ಲಿ ಓದುವುದು

ನಮ್ಮ ವಿಮರ್ಶೆಯಲ್ಲಿ ‘ಶರಣಾಗತಿ’ಗೆ ಎರಡು ಅಳತೆಗೋಲುಗಳಿವೆ. ಹನ್ನೆರಡನೆಯ ಶತಮಾನದ ಶರಣರು ದೇವರಿಗೆ ತಲೆಬಾಗಿದಾಗ ಅದರಲ್ಲಿ ಅರಮನೆಗೆ ತಲೆಬಾಗದ ಛಲವನ್ನು ಕಾಣುತ್ತೇವೆ. ಕ್ರೈಸ್ತರೊಬ್ಬರು ಮಂಡಿಯೂರಿ ತಮ್ಮನ್ನು ದೇವರಿಗೆ ಒಪ್ಪಿಸಿದರೆ ಮಾತ್ರ ಅದು ವಿಧೇಯತೆಯ ಪಾಠ ಎಂದು ಪುಟ ತಿರುಗಿಸುತ್ತೇವೆ. ಆ ಪುಟವನ್ನು ತಿರುಗಿಸದೆ ಓದಿದರೆ ಏನು ಸಿಗುತ್ತದೆ ಎಂಬುದು ಈ ಬರಹದ ಪ್ರಶ್ನೆ.

ಈ ವಸ್ತು ಚರ್ಚಿನವರಿಗೆ ಮಾತ್ರ ಸೇರಿದ್ದಲ್ಲ. ಮಂಜೇಶ್ವರದ ಗೋವಿಂದ ಪೈಗಳು ಬುದ್ಧನ ಕಡೆಯ ದಿನವನ್ನು ‘ವೈಶಾಖಿ’ಯಲ್ಲೂ ಯೇಸುವಿನ ಕಡೆಯ ದಿನವನ್ನು ‘ಗೊಲ್ಗೊಥಾ’ದಲ್ಲೂ ಖಂಡಕಾವ್ಯವಾಗಿಸಿದರು. ಕನ್ನಡ ಕಾವ್ಯಕ್ಕೆ ಅದು ಪರಕೀಯ ಎಂದು ಅವರಿಗೆ ಅನ್ನಿಸಲಿಲ್ಲ. ಆ ಕಡೆಯ ದಿನದ ಹಿಂದಿನ ರಾತ್ರಿಯೇ ಗೆತ್ಸೆಮನೆ ತೋಟದ ರಾತ್ರಿ.

ಮಾರ್ಕನ ಸುವಾರ್ತೆ ಆ ರಾತ್ರಿಯನ್ನು ಏನನ್ನೂ ಮುಚ್ಚಿಡದೆ ಹೇಳುತ್ತದೆ. ಯೇಸುವಿಗೆ ದಿಗಿಲಾಗುತ್ತದೆ, ನೆಲಕ್ಕೆ ಬೀಳುತ್ತಾನೆ, ಈ ಸಂಕಟದ ಪಾತ್ರೆ ತನ್ನಿಂದ ದೂರವಾಗಲಿ ಎಂದು ಬೇಡುತ್ತಾನೆ. ಆಮೇಲೆ ತನ್ನ ಇಚ್ಛೆಯನ್ನು ದೇವರ ಇಚ್ಛೆಗೆ ಬಿಟ್ಟುಕೊಡುತ್ತಾನೆ. ಕನ್ನಡ ಬೈಬಲ್ ಈ ಇಚ್ಛೆಗೆ ಬಳಸಿದ ಪದ ‘ಚಿತ್ತ’. ಇದು ನಮ್ಮಲ್ಲಿ ಬರೀ ಮನಸ್ಸು ಎಂಬ ಅರ್ಥದ ಪದವಲ್ಲ. ಒಡೆಯರ ಮುಂದೆ ‘ಚಿತ್ತೈಸಬೇಕು’ ಎಂದವರ, ‘ನಿಮ್ಮ ಚಿತ್ತ, ನಮ್ಮ ಭಾಗ್ಯ’ ಎಂದು ಕೈಮುಗಿದವರ ಪದ. ಅದಕ್ಕೆ ಜಮೀನ್ದಾರಿಯ ವಾಸನೆ ಅಂಟಿದೆ. ನಮ್ಮ ಅನುಮಾನಕ್ಕೂ ಇದೇ ಬೇರಿರಬಹುದು.

ಆದರೆ ಅದೇ ಪ್ರಾರ್ಥನೆಯಲ್ಲಿ ಇನ್ನೊಂದು ಪದವಿದೆ. ಗ್ರೀಕ್‌ನಲ್ಲಿ ಬರೆಯುತ್ತಿದ್ದರೂ ಮಾರ್ಕನು ‘ಅಬ್ಬಾ’ ಎಂಬ ಅರಮಾಯಿಕ್ ಸಂಬೋಧನೆಯನ್ನು ಹಾಗೆಯೇ ಉಳಿಸಿಕೊಂಡಿದ್ದಾನೆ. ಕನ್ನಡದಲ್ಲಿ ಅದು ‘ಅಪ್ಪಾ’ ಆಗುವುದಕ್ಕೆ ಏನೂ ಕಷ್ಟವಿಲ್ಲ. ಒಡೆಯನೆದುರು ನಿಂತ ಆಳಿಗೆ ‘ಬೇಡ’ ಎನ್ನುವ ಸ್ವಾತಂತ್ರ್ಯವಿಲ್ಲ. ಅಪ್ಪನೆದುರು ಮಗ ಹಟ ಹಿಡಿಯಬಹುದು, ಅಳಬಹುದು, ಮತ್ತೆ ಮತ್ತೆ ಕೇಳಬಹುದು. ಮತ್ತಾಯನ ಪ್ರಕಾರ ಯೇಸು ಮೂರು ಸಲ ಪ್ರಾರ್ಥಿಸುತ್ತಾನೆ. ‘ಚಿತ್ತ’ ಪದಕ್ಕೆ ಅಂಟಿದ ದಾಸ್ಯವನ್ನು ‘ಅಪ್ಪಾ’ ತೊಳೆಯುತ್ತದೆ. ಎರಡನ್ನೂ ಒಟ್ಟಿಗೆ ಓದಿದಾಗ ಮಾತ್ರ ಇಲ್ಲಿನ ಶರಣಾಗತಿ ಎಂಥದ್ದೆಂದು ತಿಳಿಯುತ್ತದೆ.

ಧೈರ್ಯದ ಮಾತಿಗೆ ಬರೋಣ. ಅದೇ ತೋಟದಲ್ಲಿ ಪೇತ್ರನೂ ಇದ್ದಾನೆ. ಪ್ರಾರ್ಥಿಸು ಎಂದರೆ ನಿದ್ದೆ ಹೋಗುತ್ತಾನೆ. ಹಿಡಿಯಲು ಬಂದವರನ್ನು ಕಂಡು ಕತ್ತಿ ಹಿರಿಯುತ್ತಾನೆ. ನೋಡುವವರಿಗೆ ವೀರ ಅವನೇ. ಆದರೆ ಬೆಳಗಾಗುವಷ್ಟರಲ್ಲಿ, ಬೆಂಕಿ ಕಾಯಿಸಿಕೊಳ್ಳುತ್ತಿದ್ದ ಅಂಗಳದಲ್ಲಿ, ಒಬ್ಬ ಕೆಲಸದ ಹುಡುಗಿಯ ಪ್ರಶ್ನೆಗೆ ಹೆದರಿ ಗುರುವನ್ನೇ ಅರಿಯೆನೆನ್ನುತ್ತಾನೆ. ನೆಲಕ್ಕೆ ಬಿದ್ದು ಅತ್ತವನು ಎದ್ದು, ಹಿಡಿಯಲು ಬಂದವರ ಕಡೆಗೆ ತಾನೇ ನಡೆಯುತ್ತಾನೆ. ಕತೆ ಈ ಇಬ್ಬರನ್ನು ಪಕ್ಕಪಕ್ಕದಲ್ಲಿಟ್ಟು ಸುಮ್ಮನಾಗುತ್ತದೆ. ಭಯವನ್ನು ಬಾಯಿಬಿಟ್ಟು ಹೇಳಿಕೊಂಡವನಿಗೆ ಧೈರ್ಯ ಬಂತು, ಬಚ್ಚಿಟ್ಟವನನ್ನು ಭಯವೇ ಹುಡುಕಿಕೊಂಡು ಬಂತು.

ನಾನು ಓದುವುದು ಬರೆಯುವುದು ಬೆಂಗಳೂರಿನ ಪೂರ್ವ ಭಾಗದಲ್ಲಿ. ಇಲ್ಲಿನ ದಂಡು ಪ್ರದೇಶ 1809ರಲ್ಲಿ ಬ್ರಿಟಿಷ್ ಸೈನ್ಯಕ್ಕಾಗಿ ಹುಟ್ಟಿದ್ದು. ಸೈನಿಕನ ನಿಘಂಟಿನಲ್ಲಿ ಶರಣಾಗತಿ ಎಂದರೆ ಆಯುಧ ಕೆಳಗಿಡುವುದು, ಸೋಲು. ಅದೇ ದಂಡಿನ ಶಿವಾಜಿನಗರದಲ್ಲಿ, 1882ರಲ್ಲಿ ಪೂರ್ಣಗೊಂಡ ಸೇಂಟ್ ಮೇರಿ ಬೆಸಿಲಿಕಾದಲ್ಲಿ, ಪದದ ಅರ್ಥ ತಿರುವುಮುರುವಾಗುತ್ತದೆ. ಸೀರೆ ಉಟ್ಟ ಆರೋಗ್ಯಮಾತೆಯ ಮುಂದೆ ಕನ್ನಡ, ತಮಿಳು, ಉರ್ದು ಮಾತಾಡುವ ಎಲ್ಲ ಧರ್ಮದವರೂ ಮೇಣದಬತ್ತಿ ಹಚ್ಚುತ್ತಾರೆ. ಬೌರಿಂಗ್ ಆಸ್ಪತ್ರೆ ಅಲ್ಲಿಂದ ನಡೆದು ಹೋಗುವಷ್ಟೇ ದೂರ. ಕೈಯಲ್ಲಿ ಸ್ಕ್ಯಾನ್ ರಿಪೋರ್ಟಿನ ಕವರ್ ಹಿಡಿದೇ ಬಂದು ನಿಂತವರನ್ನು ನೋಡಿದ್ದೇನೆ. ಅವರು ಚಿಕಿತ್ಸೆಗೆ ಬೆನ್ನು ತಿರುಗಿಸಿ ಬಂದವರಲ್ಲ. ಕಣ್ಣೊರೆಸಿಕೊಂಡು ಮತ್ತೆ ಆಸ್ಪತ್ರೆಯ ದಾರಿ ಹಿಡಿಯುತ್ತಾರೆ. ಅವರು ಕೆಳಗಿಟ್ಟದ್ದು ಆಯುಧವನ್ನಲ್ಲ, ಎಲ್ಲವೂ ತಮ್ಮೊಬ್ಬರ ಕೈಯಲ್ಲೇ ಇದೆ ಎಂಬ ಭಾರವನ್ನು.

ಇಲ್ಲೊಂದು ಗಂಭೀರ ಆಕ್ಷೇಪವಿದೆ. ಹೊಡೆತ ತಿನ್ನುವ ಸೊಸೆಗೆ ‘ದೇವರ ಚಿತ್ತ, ಸಹಿಸಿಕೊ ತಾಯಿ’ ಎನ್ನುವವರು ಎಲ್ಲ ಧರ್ಮಗಳಲ್ಲೂ ಇದ್ದಾರೆ. ಶರಣಾಗತಿಯ ಹೆಸರಿನಲ್ಲಿ ಎಷ್ಟೋ ಬಾಯಿ ಮುಚ್ಚಿಸಲಾಗಿದೆ. ಈ ಆಕ್ಷೇಪಕ್ಕೆ ಉತ್ತರ ಹೊರಗಿನಿಂದ ತರಬೇಕಿಲ್ಲ, ಪಠ್ಯದಲ್ಲೇ ಇದೆ. ಗೆತ್ಸೆಮನೆಯಲ್ಲಿ ಒಪ್ಪಿಕೋ ಎಂದು ಯೇಸುವಿಗೆ ಯಾವ ಮನುಷ್ಯನೂ ಬೋಧಿಸುವುದಿಲ್ಲ. ಬೇಡವೆಂಬುದನ್ನು ಪೂರ್ತಿಯಾಗಿ ಹೇಳಿದ ಮೇಲೆ ತಾನೇ ಒಪ್ಪಿಸಿಕೊಳ್ಳುತ್ತಾನೆ. ಒಪ್ಪಿಸಿಕೊಂಡದ್ದೂ ದೇವರಿಗೆ, ಪಿಲಾತನಿಗಲ್ಲ. ಮರುದಿನ ಆ ಅಧಿಕಾರಿಯ ಮುಂದೆ ಅವನು ಬೇಡಿಕೊಳ್ಳುವುದಿಲ್ಲ. ‘ಬೇಡ’ ಎನ್ನಲು ಅವಕಾಶ ಕೊಡದೆ ಯಾರ ಬಾಯಲ್ಲಾದರೂ ‘ನಿನ್ನ ಚಿತ್ತ’ ಎನ್ನಿಸಿದರೆ ಅಲ್ಲಿ ನಡೆಯುವುದು ದೇವರ ಚಿತ್ತವಲ್ಲ, ಹಾಗೆ ಅನ್ನಿಸಿದವರ ಚಿತ್ತ.

ಶರಣ ಎಂಬ ಪದದಲ್ಲಿ ಬಂಡಾಯವನ್ನು ಕಾಣಲು ನಮಗೆ ಕಲಿಸಿದ್ದು ಕನ್ನಡ ವಿಮರ್ಶೆಯೇ. ಆ ಕಣ್ಣನ್ನು ನೆರೆಮನೆಯವರ ಪ್ರಾರ್ಥನೆಯ ಕಡೆಗೂ ತಿರುಗಿಸಿದರೆ ಉಪಕಾರ ಅವರಿಗಲ್ಲ, ನಮ್ಮ ಓದಿಗೇ.