‘ನಾನ್ಯಾರು ಹೇಳಿ ನೋಡೋಣ?’

ಹೇಮಂತ್ ರಾವ್ ನಿರ್ದೇಶನದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ಚಿತ್ರದ ಅರ್ಧ ಮಾತು ಹೆಸರಿನಲ್ಲೇ ಮುಗಿದಿದೆ. ಕಾಣೆಯಾದವರ ಪ್ರಕಟಣೆಯ ಈ ನಾಲ್ಕು ಪದ ಯಾರಿಗಾದರೂ ಹೊಂದುತ್ತವೆ, ಹಾಗಾಗಿ ಯಾರನ್ನೂ ಗುರುತಿಸಿಕೊಡುವುದಿಲ್ಲ. ಅನಂತನಾಗ್ ಅಭಿನಯಿಸಿದ ವೆಂಕೋಬರಾವ್ ಅವರಿಗೆ ಅಲ್ಝೈಮರ್ಸ್. ಅವರು ಕಳೆದುಹೋದಾಗ ಹುಡುಕಲು ಹೊರಟ ಮಗನಿಗೆ (ರಕ್ಷಿತ್ ಶೆಟ್ಟಿ) ಅಪ್ಪನ ಬಗ್ಗೆ ಇದಕ್ಕಿಂತ ಹೆಚ್ಚೇನೂ ಗೊತ್ತಿಲ್ಲ.

ನಮ್ಮ ಮನೆಗಳ ಮಾತೂ ಆ ಪ್ರಕಟಣೆಯಿಂದ ಬಹಳ ದೂರವಿಲ್ಲ. ಹಿರಿಯರು ಏನಾದರೂ ಮರೆತರೆ ‘ಅರವತ್ತಕ್ಕೆ ಅರಳು ಮರಳು’ ಎಂದು ನಕ್ಕು ಸುಮ್ಮನಾಗುತ್ತೇವೆ. ಆ ನಗು ಕೆಲವೊಮ್ಮೆ ದುಬಾರಿ. ಬಿ-12 ಕೊರತೆ, ಥೈರಾಯ್ಡ್ ತೊಂದರೆಯಂಥ, ಚಿಕಿತ್ಸೆಗೆ ಬಗ್ಗುವ ಕಾರಣಗಳಿಂದಲೂ ಮರೆವು ಬರುತ್ತದೆ. ಎಲ್ಲವನ್ನೂ ವಯಸ್ಸಿನ ಲೆಕ್ಕಕ್ಕೆ ಬರೆದರೆ ಒಂದು ರಕ್ತಪರೀಕ್ಷೆಯೂ ಆಗುವುದಿಲ್ಲ.

ಬೈಗುಳಕ್ಕಿಂತ ನನಗೆ ಅಂಜಿಕೆ ಅಕ್ಕರೆಯ ಮಾತಿನದು. ‘ಥೇಟ್ ಮಗು ಆಗಿಬಿಟ್ಟಿದ್ದಾರೆ’ ಎನ್ನುತ್ತಾರೆ. ಮಗುವಿನ ಬೆನ್ನಿಗೆ ಎಪ್ಪತ್ತು ವರ್ಷ ಇರುವುದಿಲ್ಲ. ಎದುರಿಗಿರುವವರು ಮನೆ ಕಟ್ಟಿದವರು, ಸಾಲ ತೀರಿಸಿದವರು, ಗದರಿದರೆ ಮುಖ ಸಣ್ಣದಾಗುವವರು. ಇನ್ನು ಹಬ್ಬಕ್ಕೆ ಬಂದ ನೆಂಟರ ಪರೀಕ್ಷೆ: ‘ನಾನ್ಯಾರು ಹೇಳಿ ನೋಡೋಣ?’ ಉತ್ತರ ಬಾರದಿದ್ದರೆ ಸೊಸೆಯ ಕಡೆ ತಿರುಗಿ, ‘ಅಯ್ಯೋ, ಏನೂ ಗೊತ್ತಾಗಲ್ವಾ ಇವರಿಗೆ?’ ಇವರು ಅಲ್ಲೇ ಕೂತಿರುತ್ತಾರೆ. ಹೆಸರು ನೆನಪಿಗೆ ಬಾರದವರಿಗೂ ದನಿಯಲ್ಲಿನ ಕನಿಕರ, ತಾತ್ಸಾರ ತಿಳಿಯುತ್ತದೆ. ‘ನಾನು ಶಿರಸಿ ಅಕ್ಕನ ಮಗ, ಹಬ್ಬಕ್ಕೆ ಬಂದೆ ಮಾವ’ ಎಂದು ಮೊದಲೇ ಹೇಳಿಕೊಂಡರೆ ನೆಂಟನ ಗಂಟೇನು ಹೋಗುತ್ತದೆ?

ಇಂಥ ಮಾತನ್ನು ತಿದ್ದಲೆಂದೇ ಜಪಾನ್ 2004ರಲ್ಲಿ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆಯ ಅಧಿಕೃತ ಹೆಸರನ್ನೇ ಬದಲಿಸಿತು. ಹಳೆಯ ‘ಚಿಹೋ’ ಎಂಬುದರಲ್ಲಿ ದಡ್ಡತನದ ಛಾಯೆಯಿತ್ತು, ಈಗಿನ ‘ನಿಂಚಿಶೋ’ ಅರಿವಿಗೆ ಸಂಬಂಧಿಸಿದ ಕಾಯಿಲೆ ಎಂದಷ್ಟೇ ಹೇಳುತ್ತದೆ. ಒಳ್ಳೆಯ ಕೆಲಸವೇ. ಆದರೆ ಹೆಸರು ಹಿಡಿದು ಕರೆಯಬೇಕಾದವರನ್ನು ‘ಡಿಮೆನ್ಶಿಯಾ ಪೇಷಂಟ್’ ಎಂದು ಕರೆಯುವ ಚಾಳಿಗೆ ಯಾವ ಸರ್ಕಾರಿ ಆದೇಶವೂ ಮದ್ದಲ್ಲ.

ಚಿತ್ರದ ಬಗ್ಗೆಯೂ ತಕರಾರಿದೆ. ವೆಂಕೋಬರಾವ್ ಅವರ ಮರೆವು ತೀರ ಮುದ್ದಾಗಿದೆ. ರಾತ್ರಿಯ ಗಲಿಬಿಲಿ, ವಿನಾಕಾರಣ ಸಂಶಯ, ಸ್ನಾನ ಒಲ್ಲೆನೆನ್ನುವ ಹಟ, ಇವುಗಳ ಜೊತೆ ಏಗುವ ಮನೆಯವರಿಗೆ ಆ ಮುದ್ದು ಅಷ್ಟು ಸುಲಭವಾಗಿ ಒಗ್ಗದು. ಕತೆಗೆ ಅಪ್ಪನ ರೋಗ ಬೇಕಾಗಿರುವುದೂ ಬಹುಪಾಲು ಮಗನನ್ನು ತಿದ್ದುವುದಕ್ಕೆ. ಆದರೂ ಹೆಂಡತಿಯ ಮೇಲಿನ ವೆಂಕೋಬರಾವ್ ಅವರ ಪ್ರೀತಿಯನ್ನು ಚಿತ್ರ ಕಾಯಿಲೆಯ ಲಕ್ಷಣಗಳ ಪಟ್ಟಿಗೆ ಸೇರಿಸದೆ ಅವರದೇ ಆಗಿ ಉಳಿಸಿದೆ. ನಮ್ಮ ಎಷ್ಟೋ ನೆಂಟರಿಗೆ ಅಷ್ಟೂ ಬರುವುದಿಲ್ಲ.