ಕಟ್ಟು ಹಿರಿಯರಿಗೆ, ಕಾಳು ಕಿರಿಯರಿಗೆ

ವಯಸ್ಸಾದಂತೆ ತಟ್ಟೆ ಹಗುರಾಗಬೇಕು ಎಂಬುದು ನಮ್ಮ ಮನೆಗಳ ಕಟ್ಟಳೆ. ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಅನ್ನ-ಸಾರು, ರಾತ್ರಿ ಒಂದು ಲೋಟ ಹಾಲು, ಬಾಳೆಹಣ್ಣು. ಶನಿವಾರ ಒಪ್ಪೊತ್ತು ಬೇರೆ. ಎಣ್ಣೆ, ಸಿಹಿ ತಗ್ಗುವುದೇನೋ ಒಳ್ಳೆಯದೇ. ಆದರೆ ಅವುಗಳ ಜೊತೆಗೇ ಪ್ರೋಟೀನೂ ಸದ್ದಿಲ್ಲದೆ ತಟ್ಟೆ ಬಿಡುತ್ತದೆ.

ವಯಸ್ಕರಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಎಂದು ಐಸಿಎಂಆರ್ 2020ರಲ್ಲಿ ನಿಗದಿಪಡಿಸಿತು. ಅರವತ್ತೈದು ದಾಟಿದವರಿಗೆ 1ರಿಂದ 1.2 ಗ್ರಾಂ ಇರಲಿ ಎಂಬುದು 2013ರಲ್ಲಿ ಹೊರಬಂದ ಅಂತರರಾಷ್ಟ್ರೀಯ ತಜ್ಞರ ಶಿಫಾರಸು. 55 ಕಿಲೋ ತೂಗುವ ಅಜ್ಜಿಗೆ ಕನಿಷ್ಠ 55 ಗ್ರಾಂ ಆಯಿತು. ಮೇಲಿನ ಊಟ ಅದರ ಅರ್ಧ ಮುಟ್ಟುವುದೂ ಕಷ್ಟ.

ಹಳೇ ಮೈಸೂರು ಸೀಮೆಯ ಬಸ್ಸಾರನ್ನೇ ನೋಡಿ. ಹುರುಳಿಯನ್ನೋ ಅವರೆಯನ್ನೋ ಬೇಯಿಸಿ ಕಟ್ಟು ಬಸಿದರೆ ಸಾರು. ಉಳಿದ ಕಾಳಿಗೆ ಒಗ್ಗರಣೆ ಬಿದ್ದರೆ ಪಲ್ಯ. ಎರಡೂ ಒಂದೇ ತಟ್ಟೆಗೆ ಬಂದರೆ ಇದಕ್ಕಿಂತ ಜಾಣ ಅಡುಗೆ ಇಲ್ಲ. ಹಲ್ಲು ಹೋದವರ ಪಾಲಿಗೆ ಮಾತ್ರ ಮುದ್ದೆ, ಸಾರು ಅಷ್ಟೇ. ಮಸಾಲೆಗೆ ರುಬ್ಬಿದ ಒಂದು ಹಿಡಿ ಬಿಟ್ಟರೆ ಕಾಳಿನ ಸತ್ವವೆಲ್ಲ ಪಲ್ಯದಲ್ಲೇ ಉಳಿಯಿತು. ರಾಗಿ ತಿಂದವ ನಿರೋಗಿ ಎನ್ನುತ್ತೇವೆ. ಆದರೆ ಅದರ ಹಿರಿಮೆ ಕ್ಯಾಲ್ಸಿಯಂನದು, ಪ್ರೋಟೀನಿನಲ್ಲಿ ಅದು ಅಕ್ಕಿಯ ಆಸುಪಾಸೇ. ದೋಷ ಅಡುಗೆಯದಲ್ಲ, ಬಡಿಸುವ ರೀತಿಯದು. ಅದೇ ಕಾಳನ್ನು ಮೆತ್ತಗೆ ಮಸೆದರೆ, ಬೇಳೆ ಹೆಚ್ಚಿಟ್ಟು ಮಸ್ಸೊಪ್ಪು ಮಾಡಿದರೆ ಅಜ್ಜನೂ ಉಣ್ಣುತ್ತಾನೆ. ಇದಕ್ಕೆ ಹೊಸ ಖರ್ಚೇನೂ ಇಲ್ಲ.

ಇನ್ನು ತೂಕದ ಸಂಭ್ರಮ. 'ಐದು ಕಿಲೋ ಇಳಿದೆ' ಎಂದು ಪಾರ್ಕಿನ ಬೆಂಚಿನಲ್ಲಿ ಹೇಳಿಕೊಳ್ಳುವವರು ಇಳಿದದ್ದು ಕೊಬ್ಬೋ ಸ್ನಾಯುವೋ ಎಂದು ಕೇಳಿಕೊಳ್ಳುವುದಿಲ್ಲ. ಅಮೆರಿಕದಲ್ಲಿ 160 ಸ್ಥೂಲಕಾಯದ ಹಿರಿಯರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪಥ್ಯದ ಜೊತೆ ನಡಿಗೆಯಂಥ ವ್ಯಾಯಾಮವನ್ನಷ್ಟೇ ಮಾಡಿದವರ ಕೊಬ್ಬಿಲ್ಲದ ಮೈತೂಕ ಶೇ. 5ರಷ್ಟು ಕರಗಿತು, ಭಾರ ಎತ್ತಿದವರದು ಶೇ. 2 ಮಾತ್ರ. ಒಟ್ಟು ತೂಕ ಇಳಿದದ್ದು ಇಬ್ಬರಲ್ಲೂ ಸುಮಾರು ಶೇ. 9. ವಾಕಿಂಗ್ ಒಂದನ್ನೇ ನೆಚ್ಚಿದ ನಮ್ಮ ವೈದ್ಯಸಲಹೆ ಇಲ್ಲಿ ಅರೆಬರೆ ಎನಿಸುತ್ತದೆ.

ಹಾಗೆಂದು ಮಗ ವಿದೇಶದಿಂದ ತಂದ ಪ್ರೋಟೀನ್ ಪುಡಿಯ ಡಬ್ಬಕ್ಕೂ ನನ್ನ ಮತವಿಲ್ಲ. ಬೋಸ್ಟನ್ನಿನ ವೃದ್ಧಾಶ್ರಮವೊಂದರಲ್ಲಿ ಸರಾಸರಿ 87 ವಯಸ್ಸಿನ ನೂರು ಮಂದಿಯ ಮೇಲಿನ ಅಧ್ಯಯನ 1994ರಲ್ಲಿ ಬಂತು. ಹತ್ತು ವಾರ ಭಾರ ಎತ್ತಿದವರ ಸ್ನಾಯುಬಲ ಇಮ್ಮಡಿಗೂ ಮೀರಿತು. ಪೂರಕ ಪಾನೀಯವನ್ನಷ್ಟೇ ಕುಡಿದವರಿಗೆ ಅಂಥ ಲಾಭ ಕಾಣಲಿಲ್ಲ. ಮೂತ್ರಪಿಂಡದ ತೊಂದರೆ ಇದ್ದವರಂತೂ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸುವಂತೆಯೇ ಇಲ್ಲ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು 12 ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಹಿಡಿದರೆ ಸ್ನಾಯು ಸೊರಗಿರಬಹುದೆಂದು ಏಷ್ಯಾದ ತಜ್ಞರ ತಂಡ 2019ರಲ್ಲಿ ಸೂಚಿಸಿದೆ. ಪ್ರತಿ ಭೇಟಿಯಲ್ಲೂ ತೂಕ, ರಕ್ತದೊತ್ತಡ ಬರೆದುಕೊಳ್ಳುವ ಚಿಕಿತ್ಸಾಲಯಗಳು ಇದನ್ನೂ ಬರೆದುಕೊಂಡರೆ ಅರ್ಧ ನಿಮಿಷವೂ ಹೆಚ್ಚಾಗದು.