ಮಣ್ಣು ಯಾರಿಗೆ ಮದ್ದು? ‘ಬೆಟ್ಟದ ಜೀವ’ದಿಂದ ನಾಯ್ಮಾರ್ಮೂಲೆಯ ಅಂಗಳದವರೆಗೆ

ಧ್ವನಿ ಕೇಳ್ತಾ ಉಂಟು ಅಂತ ಭಾವಿಸಿ ಮುಂದುವರಿಯುತ್ತೇನೆ. ಕೃಷಿ, ಕೈತೋಟ ಮನಸ್ಸಿಗೆ ಚಿಕಿತ್ಸೆ ಎಂಬ ಮಾತನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಯಾರ ಮಣ್ಣು, ಯಾರ ದುಡಿಮೆ ಅಂತ ಕೇಳದೆ ಅದನ್ನು ಒಪ್ಪಿಕೊಳ್ಳುವುದು ಕಷ್ಟ. ಅದೂ ಕಾಸರಗೋಡಿನಲ್ಲಿ ಕೂತು.

ಕಾರಂತರ ‘ಬೆಟ್ಟದ ಜೀವ’ (1943) ತಗೊಳ್ಳಿ. ನಾವದನ್ನು ಸಾಮಾನ್ಯವಾಗಿ ಮನುಷ್ಯ–ಪ್ರಕೃತಿ ಸಾಮರಸ್ಯದ ಕಾದಂಬರಿ ಅಂತ ಓದ್ತೇವೆ. ಮಗ ಮನೆ ಬಿಟ್ಟು ಹೋಗಿದ್ದಾನೆ. ವಯಸ್ಸಾದ ಗೋಪಾಲಯ್ಯ ಕಾಡಿನ ನಡುವೆ ಅಡಿಕೆ ತೋಟ ಎಬ್ಬಿಸಿದ್ದಾರೆ. ದುಡಿಮೆಯೇ ಅವರ ದುಃಖಕ್ಕೆ ಮದ್ದು ಎಂದು ತೀರ್ಮಾನಿಸುವುದು ಸುಲಭ. ನನಗೆ ಈ ಓದು ಅರ್ಧ ಅಂತ ಕಾಣ್ತದೆ. ತೋಟ ಅವರ ನೋವನ್ನು ಗುಣ ಮಾಡಿಲ್ಲ, ಅದಕ್ಕೊಂದು ಮರೆ ಕೊಟ್ಟಿದೆ. ಆ ಮರೆ ಅವರ ಹೆಂಡತಿಗೆ ಇಲ್ಲ. ಒಲೆಯ ಮುಂದಿನ, ಅತಿಥಿಗಳಿಗೆ ಬಡಿಸುವ ಆಕೆಯ ದುಡಿಮೆಯೂ ಮುಗಿಯದ್ದೇ. ಅದನ್ನು ನಾವು ಯಾರೂ ಚಿಕಿತ್ಸೆ ಅಂತ ಕರೆಯುವುದಿಲ್ಲ, ಯಾಕೆ? ಇನ್ನು ನಾರಾಯಣ. ಅವನೂ ಅದೇ ಮಣ್ಣಿನಲ್ಲಿ ಬೆವರು ಸುರಿಸ್ತಾನೆ, ಆದರೆ ನೆಲ ತನ್ನದಲ್ಲ ಎಂಬ ಅಳುಕು ಅವನನ್ನು ಬಿಡುವುದಿಲ್ಲ. ಮಣ್ಣು ಒಂದೇ, ಮನಸ್ಸಿನ ಮೇಲೆ ಅದರ ಪರಿಣಾಮ ಮೂರು ಬಗೆ. ಇದನ್ನೆಲ್ಲ ಮೆಚ್ಚಿ ನೋಡುವ ನಿರೂಪಕನೋ, ನಾಲ್ಕು ದಿನಕ್ಕೆ ಬಂದ ಅತಿಥಿ. ‘ಕೃಷಿ ಚಿಕಿತ್ಸೆ’ಯ ಬಗ್ಗೆ ಬರುವ ಬಹಳಷ್ಟು ಬರವಣಿಗೆ ಈ ಅತಿಥಿಯ ಕಣ್ಣಿನದ್ದು ಅಂತ ನನ್ನ ತಕರಾರು.

ವೈದ್ಯಕೀಯದಲ್ಲಿ ಈ ವಿಚಾರ ಹೊಸದಲ್ಲ. ಅಮೆರಿಕದ ಬೆಂಜಮಿನ್ ರಷ್ 1812ರಲ್ಲೇ ಬರೆದರು: ಆಸ್ಪತ್ರೆಯ ತೋಟ ಅಗೆದು, ಕಟ್ಟಿಗೆ ಕಡಿಯುವ ರೋಗಿಗಳು ಹಲವು ಸಲ ಚೇತರಿಸಿಕೊಳ್ಳುತ್ತಾರೆ, ಅಂತಸ್ತಿನ ಕಾರಣಕ್ಕೆ ಕೆಲಸ ಮಾಡದವರು ಒಳಗೇ ಕೊರಗುತ್ತಾರೆ ಎಂದು. ಒಳ್ಳೆಯ ಗಮನಿಕೆಯೇ. ಆದರೆ ಚಿಕಿತ್ಸೆ ಎಂಬ ಹೆಸರಿನಡಿ ಬಿಟ್ಟಿ ಚಾಕರಿಯೂ ನಡೆಯಬಹುದಲ್ವಾ? ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆಯ 20ನೇ ವಿಧಿ ಇದನ್ನು ಗುರುತಿಸಿದೆ: ಯಾರನ್ನೂ ಒತ್ತಾಯದಿಂದ ದುಡಿಸುವಂತಿಲ್ಲ, ದುಡಿದರೆ ತಕ್ಕ ಸಂಬಳ ಕೊಡಬೇಕು.

ಈಗ ನಮ್ಮ ಜಿಲ್ಲೆಗೆ ಬರುವ. ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಬಿಡಲು ಒಂದು ಬಿಸಿಲು ಕಾಯುತ್ತಾ, ಕೊಳೆರೋಗಕ್ಕೆ ಉದುರಿದ ಅಡಿಕೆ ಹೆಕ್ಕುವ ಕೃಷಿಕನ ಹತ್ತಿರ ತೋಟ ಮನಸ್ಸಿಗೆ ನೆಮ್ಮದಿ ಅಂತ ಹೇಳಿ ನೋಡಿ! ಎಣ್ಮಕಜೆಯದ್ದು ಇನ್ನೂ ಕಠಿಣ. ಸರಕಾರಿ ಗೇರು ತೋಟಗಳ ಮೇಲೆ ಸುಮಾರು ಎರಡು ದಶಕ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಸುಪ್ರೀಂ ಕೋರ್ಟಿನ ದೇಶವ್ಯಾಪಿ ತಡೆ ಬಂದದ್ದು 2011ರಲ್ಲಿ. ಮಕ್ಕಳ ಆರೈಕೆಯಲ್ಲೇ ಆಯುಷ್ಯ ಸವೆಸಿದ ಅಲ್ಲಿನ ತಾಯಂದಿರಿಗೆ ಮಣ್ಣು ಮುಟ್ಟಿ, ಹಗುರಾಗಿ ಎನ್ನುವ ಮೊದಲು ಆ ಮಣ್ಣಿಗೆ ಏನಾಯಿತು ಅಂತ ಹೇಳಬೇಕಾಗ್ತದೆ.

ಹಾಗಾದರೆ ಏನೂ ಉಳಿಯುವುದಿಲ್ವಾ? ಉಂಟು. ನಾಯ್ಮಾರ್ಮೂಲೆಯಂಥ ಹೆದ್ದಾರಿ ಬದಿಯ ಊರಿನಲ್ಲಿ ತೋಟ ಅಂದರೆ ಅಂಗಳ, ತಾರಸಿ, ನಾಲ್ಕು ಗ್ರೋಬ್ಯಾಗು. ಇಲ್ಲಿ ನನಗೆ ನೆನಪಾಗುವುದು ನೆಟ್ಟಣಿಗೆಯ ಸತ್ಯನಾರಾಯಣ ಬೇಳೇರಿ, 2024ರ ಪದ್ಮಶ್ರೀ ಪುರಸ್ಕೃತರು. 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಅವರು ಉಳಿಸಿದ್ದು ದೊಡ್ಡ ಗದ್ದೆಯಲ್ಲಲ್ಲ, ಚೀಲಗಳಲ್ಲಿ. ಅವರು ಅದನ್ನು ಚಿಕಿತ್ಸೆಗಾಗಿ ಮಾಡಿದ್ದಲ್ಲ, ಹಾಗೆ ಬಣ್ಣ ಬಳಿಯುವುದೂ ಬೇಡ. ನನಗೆ ಮುಖ್ಯ ಅನಿಸುವುದು ಆ ಕೆಲಸದ ಬಗೆ: ಇಳುವರಿಯ ಒತ್ತಡವಿಲ್ಲ, ಸಾಲವಿಲ್ಲ, ಆದರೆ ಬೀಜ ಕೇಳಿಕೊಂಡು ಇನ್ನೊಬ್ಬರು ಬರ್ತಾರೆ. ಖಿನ್ನತೆಯಲ್ಲಿರುವವರಿಗೆ ಹಸುರು ನೋಡುವುದಕ್ಕಿಂತ ಹೀಗೆ ಯಾರೋ ಕೇಳಿಕೊಂಡು ಬರುವುದು ಹೆಚ್ಚು ಬೇಕಾದೀತು ಎಂಬುದು ನನ್ನ ಊಹೆ. ಕುಟುಂಬಶ್ರೀಯ ಹೆಂಗಸರು ಹಡಿಲು ಬಿದ್ದ ಗದ್ದೆಯನ್ನು ಗುಂಪಾಗಿ ಬೇಸಾಯ ಮಾಡುವಲ್ಲೂ ಇದನ್ನು ಪರೀಕ್ಷಿಸಬಹುದು. ಆದರೆ ಅಲ್ಲಿ ಬೆಳೆ ಕೈಕೊಟ್ಟರೆ ನಷ್ಟ ಉಂಟು. ಆ ವರ್ಷ ಅವರ ಮನಸ್ಸು ಹೇಗಿತ್ತು ಅಂತಲೂ ಕೇಳಬೇಕು. ಬೆಳೆ ಬಂದ ವರ್ಷದ ನಗುಮುಖದ ಫೋಟೋ ಮಾತ್ರ ಹಾಕಿದರೆ ಸಾಲದು.

ಇಷ್ಟು. ಪ್ರಶ್ನೆಗಳಿದ್ದರೆ ಈಗ ತಗೊಳ್ಳಬಹುದು.